ಅರಮನೆಗೆ ಕಲ್ಲು ಅಂಟಿಸುವ ಮುನ್ನ

ನಮಸ್ಕಾರ.

ದೀಪಾಲಂಕಾರದ ಮೈಸೂರು ಅರಮನೆಯನ್ನು ಅಕ್ರಿಲಿಕ್ ಬಣ್ಣ, ಉಬ್ಬು ಪೇಸ್ಟ್, ಚಿನ್ನದ ರೇಕು, ಗ್ಲಿಟರ್ ಮತ್ತು ಹೊಳೆಯುವ ಕಲ್ಲುಗಳಿಂದ ಬಿಡಿಸುವುದು ಹೇಗೆಂದು ನೀವು ಬರೆದು ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಯ ನಮಗೆ ಬೇಕಾದದ್ದೇ, ಕೈಕೆಲಸವೂ ನಿಮಗೆ ಒಲಿದಿದೆ. ಆದ್ದರಿಂದ ಎಲ್ಲೆಲ್ಲಿ ತೊಡಕಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಮೊದಲ ಪುಟ ಪೂರ್ತಿ ಅರಮನೆಯ ವೈಭವದ ವರ್ಣನೆಗೇ ಹೋಗಿದೆ. ಅದನ್ನು ತೆಗೆಯಿರಿ. ಅಲ್ಲಿ ‘ಶತಮಾನಗಳಷ್ಟು ಹಳೆಯ ಕಟ್ಟಡ’ ಎಂದಿದ್ದೀರಿ. ಹಳೆಯ ಮರದ ಅರಮನೆ 1897ರಲ್ಲೇ ಬೆಂಕಿಗೆ ಆಹುತಿಯಾಯಿತು. ಈಗಿನದು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, 1912ರಲ್ಲಿ ಮುಗಿದದ್ದು. ಚಿತ್ರ ಬಿಡಿಸುವವರಿಗೆ ಇದಕ್ಕಿಂತ ಮುಖ್ಯವಾದದ್ದು ಕಟ್ಟಡದ ಬಣ್ಣ. ಗೋಡೆ ಬೂದು ಗ್ರಾನೈಟ್, ಗುಮ್ಮಟಗಳು ಕಡುಗುಲಾಬಿ, ಚಿನ್ನದ ಲೇಪವಿರುವುದು ನಡುಗೋಪುರದ ತುದಿಯ ಗುಮ್ಮಟಕ್ಕೆ. ‘ಗೋಡೆಗೆಲ್ಲ ಚಿನ್ನದ ಬಣ್ಣ ಬಳಿಯಿರಿ’ ಎಂಬ ನಿಮ್ಮ ಸೂಚನೆ ರಾತ್ರಿಯ ಫೋಟೊ ಒಂದನ್ನೇ ನೋಡಿದ್ದರಿಂದ ಬಂದಿರಬೇಕು. ಅರಮನೆಯ ಮುಂಭಾಗ ಪೂರ್ವಕ್ಕಿದೆ. ಬೆಳಗಿನ ಬಿಸಿಲಿನಲ್ಲಿ ತೆಗೆದ ಫೋಟೊ ಎದುರಿಗಿಟ್ಟುಕೊಂಡು ಬೂದು, ಗುಲಾಬಿ ಬಣ್ಣಗಳನ್ನು ಮೊದಲು ತುಂಬಿ, ಒಣಗಿದ ಮೇಲೆ ಹಳದಿ ಓಕರ್‌ಗೆ ಚೂರು ಕಿತ್ತಳೆ ಬೆರೆಸಿ ತೆಳು ಪದರ ಹರಿಸಲು ಹೇಳಿ. ಒಂದು ಪಾಲು ಬಣ್ಣಕ್ಕೆ ನಾಲ್ಕೈದು ಪಾಲು ಗ್ಲೇಜಿಂಗ್ ಮೀಡಿಯಂ, ಅಂದರೆ ಬಣ್ಣವನ್ನು ಪಾರದರ್ಶಕವಾಗಿಸುವ ದ್ರವ. ಆಗ ಹಳದಿಯ ಅಡಿಯಲ್ಲಿ ಕಲ್ಲಿನ ಗೋಡೆ ಉಳಿಯುತ್ತದೆ. ಆಕಾಶಕ್ಕೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿದರೆ ದೀಪ ಹತ್ತುವ ಹೊತ್ತಿನ ಕಡುನೀಲಿ ಸಿಗುತ್ತದೆ.

ಲೇಖನದುದ್ದಕ್ಕೂ ‘ಸ್ವಲ್ಪ ಪೇಸ್ಟ್’, ‘ಬೇಕಾದಷ್ಟು ಕಲ್ಲು’, ‘ಸರಿಯಾದ ಗಾತ್ರ’ ಎಂದು ಬರೆದಿದ್ದೀರಿ. ಓದುವವರು ಸಾಮಾನು ಕೊಳ್ಳಲು ಅಂಗಡಿಗೆ ಹೋಗುತ್ತಾರೆ, ಅಲ್ಲಿ ‘ಸ್ವಲ್ಪ’ ಎಂದರೆ ಏನೂ ಸಿಗದು. ಅಳತೆ ನೀವೇ ಲೆಕ್ಕ ಹಾಕಿ ಕೊಡಬೇಕು. ಅರಮನೆ ಸುಮಾರು 245 ಅಡಿ ಅಗಲ, ಗೋಪುರ 145 ಅಡಿ ಎತ್ತರ. 60×45 ಸೆಂ.ಮೀ. ಹಲಗೆಯ ಮೇಲೆ ಮುಂಭಾಗವನ್ನು 50 ಸೆಂ.ಮೀ. ಅಗಲಕ್ಕೆ ಬಿಡಿಸಿದರೆ ಗೋಪುರ ಸುಮಾರು 30 ಸೆಂ.ಮೀ. ಏರುತ್ತದೆ, ನಿಜವಾದ ಒಂದು ಅಡಿ ಚಿತ್ರದಲ್ಲಿ 2 ಮಿ.ಮೀ. ಆಗುತ್ತದೆ. ಅಂದರೆ ಅಂಗಡಿಯಲ್ಲಿ ಸಿಗುವ ಎಸ್‌ಎಸ್ 6 ಗಾತ್ರದ 2 ಮಿ.ಮೀ. ಕಲ್ಲು ಕೂಡ ಒಂದಡಿ ಅಗಲದ ಬಲ್ಬಿಗೆ ಸಮ! ಅರಮನೆಯ ಮೇಲಿರುವುದು ಸುಮಾರು ಒಂದು ಲಕ್ಷ ಬಲ್ಬು. ಅವನ್ನೆಲ್ಲ ಕಲ್ಲಿನಲ್ಲಿ ತೋರಿಸಲು ಹೊರಟಿದ್ದರಿಂದಲೇ ನಿಮ್ಮ ಚಿತ್ರದಲ್ಲಿ ಕಮಾನುಗಳು ಮುಚ್ಚಿಹೋಗಿ ಕಟ್ಟಡವೇ ಕಾಣದಾಗಿದೆ. ದೀಪಗಳು ಅಲ್ಲಿ ಕಟ್ಟಡದ ಗೆರೆಗಳನ್ನು ಹಿಡಿದು ಸಾಗುತ್ತವೆ: ಕಮಾನಿನ ಅಂಚು, ಸೂರಿನ ಅಂಚು, ಗುಮ್ಮಟದ ಸುತ್ತು. ಮಿನುಗು ಆ ಗೆರೆಗಳಿಗೆ ಮಾತ್ರ ಸಲ್ಲಬೇಕು. ಮುಖ್ಯ ಕಮಾನಿಗೂ ಗೋಪುರಕ್ಕೂ ಕಲ್ಲು, ಉಳಿದ ಕಡೆ ಟೂತ್‌ಪಿಕ್ ತುದಿಯಿಂದ ಇಟ್ಟ ತಿಳಿಹಳದಿ ಚುಕ್ಕಿ ಸಾಕು. 50 ಸೆಂ.ಮೀ. ಉದ್ದದ ಗೆರೆಗೆ 5 ಮಿ.ಮೀ. ಅಂತರದಲ್ಲಿ ನೂರು ಕಲ್ಲು ಬೇಕಾಗುತ್ತದೆ. ಈ ಲೆಕ್ಕ ಲೇಖನದಲ್ಲಿ ಬರಲಿ.

300 ಜಿಎಸ್‌ಎಂ ತೂಕದ ದಪ್ಪ ಕಾಗದದ ಮೇಲೆ ಪೇಸ್ಟ್ ಹಾಕಿಸಿದ್ದೀರಿ. ಕಾಗದ ಖಂಡಿತ ಡೊಂಕಾಗುತ್ತದೆ. ಪೇಸ್ಟ್ ಒಣಗುತ್ತ ಕುಗ್ಗುತ್ತದೆ, ಕಾಗದವನ್ನೂ ಎಳೆದುಕೊಳ್ಳುತ್ತದೆ. 4–6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಹೇಳಿ. ಅದಕ್ಕೆ ಎರಡು ಕೈ ಗೆಸ್ಸೊ (ಬಣ್ಣಕ್ಕೆ ಮುನ್ನ ಬಳಿಯುವ ಬಿಳಿ ತಳಲೇಪ) ಬಳಿದು 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಲಿ. ಬೆನ್ನಿಗೂ ಒಂದು ಕೈ ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹಲಗೆ ಬಾಗಬಹುದು. ಪೇಸ್ಟ್ ಒಂದು ಸಲಕ್ಕೆ 2 ಮಿ.ಮೀ. ಮೀರಬಾರದು. ದಪ್ಪ ಹಾಕಿದರೆ ಮೇಲ್ಪದರ ಮೊದಲು ಒಣಗಿ, ಒಳಗಿನ ಹಸಿ ಕುಗ್ಗುವಾಗ ಸೀಳು ಬಿಡುತ್ತದೆ. ನೀವು ಕಳಿಸಿದ ಮೂರನೇ ಫೋಟೊದಲ್ಲಿ ಗುಮ್ಮಟದ ಬುಡದಲ್ಲಿ ಕಾಣುವ ಸೀಳು ಇಂಥದ್ದೇ.

‘ನಮ್ಮ ಮೈಸೂರು ಶೈಲಿಯ ಹಾಗೆ ಕಲ್ಲು ಕೂರಿಸಿ’ ಎಂಬ ಸಾಲು ದಯವಿಟ್ಟು ತಿದ್ದಿ. ಕಲ್ಲು ಕೂರಿಸಿ ಎತ್ತರದ ಉಬ್ಬು ಕೊಡುವುದು ತಂಜಾವೂರು ಶೈಲಿ. ಮೈಸೂರು ಚಿತ್ರಗಳ ಗೆಸ್ಸೊ ಕೆಲಸ, ಅಂದರೆ ಲೇಪದ ಉಬ್ಬು, ತೆಳುವಾದದ್ದು, ಅದರ ಮೇಲೆ ಕೂರುವುದು ಚಿನ್ನದ ರೇಕು. ನಿಮ್ಮ ಚಿತ್ರ ಎರಡೂ ಅಲ್ಲ, ಇಂದಿನ ಮಿಶ್ರ ಮಾಧ್ಯಮ. ಹಾಗೆಂದು ಹೇಳಿಕೊಳ್ಳಲು ಸಂಕೋಚವೇನೂ ಬೇಡ. ರೇಕಿನ ವಿಷಯದಲ್ಲಿ ಇನ್ನೊಂದು ಮಾತು ಬಿಟ್ಟುಹೋಗಿದೆ. ಕ್ರಾಫ್ಟ್ ಅಂಗಡಿಯ ಅಗ್ಗದ ರೇಕು ಸಾಮಾನ್ಯವಾಗಿ ತಾಮ್ರ-ಸತುವಿನ ಮಿಶ್ರಣ. ಮೇಲೆ ವಾರ್ನಿಶ್ ಇಲ್ಲದಿದ್ದರೆ ಕಪ್ಪಾಗುತ್ತದೆ. ಅಂಟು ಬಳಿದ ಕೂಡಲೇ ರೇಕು ಇಟ್ಟರೆ ಸುಕ್ಕುಗಟ್ಟುತ್ತದೆ. ಅಂಟಿನ ಬಿಳುಪು ಹೋಗಿ ಬೆರಳಿಗೆ ಜಿಗುಟು ತಾಗುವ ತನಕ ಕಾಯಬೇಕು.

ಕಲ್ಲಿನ ಭಾಗಕ್ಕೆ ನೀವು ಕೊಟ್ಟಿರುವುದು ಮೂರೇ ಸಾಲು. ಲೇಖನದ ಜೀವ ಇರುವುದೇ ಇಲ್ಲಿ, ಇದನ್ನು ಹಿಗ್ಗಿಸಿ. ಸೂಪರ್ ಗ್ಲೂ ಬೇಡವೇ ಬೇಡ: ಅದರ ಆವಿ ಕಲ್ಲಿನ ಸುತ್ತ ಬಿಳಿ ಮಂಜು ಕೂರಿಸುತ್ತದೆ. ಫೆವಿಕಾಲ್ ಥರದ ಬಿಳಿ ಅಂಟಿನ ನೀರು ಆರಲು ದಾರಿ ಬೇಕು, ಗಾಜಿಗೂ ಅಕ್ರಿಲಿಕ್ ಪದರಕ್ಕೂ ನಡುವೆ ಆ ದಾರಿಯಿಲ್ಲ. ಬಿ-7000 ಬಗೆಯ ಪಾರದರ್ಶಕ ಕ್ರಾಫ್ಟ್ ಅಂಟು ಸರಿ, ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಲಿ. ಅಂಟಿನ ಚುಕ್ಕಿ ಕಲ್ಲಿನ ಅರ್ಧದಷ್ಟಿರಲಿ. ಹೊರಗೆ ಉಕ್ಕಿದರೆ ಆ ಬಳೆಯಲ್ಲಿ ಧೂಳು ಹಿಡಿದು ಕಪ್ಪಾಗುತ್ತದೆ. ಐದಾರು ಸೆಂ.ಮೀ. ಗೆರೆಗೆ ಮಾತ್ರ ಚುಕ್ಕಿ ಇಟ್ಟು, ಕೆನೆಗಟ್ಟುವ ಮುಂಚೆ ಮೇಣ ಮೆತ್ತಿದ ಕಡ್ಡಿಯಿಂದ ಕಲ್ಲು ಎತ್ತಿಡಬೇಕು. ಕಮಾನಿನಲ್ಲಿ ಮೊದಲ ಕಲ್ಲು ನೆತ್ತಿಗೆ, ಆಮೇಲೆ ಎರಡೂ ಕಡೆಗೆ ಇಳಿಯಬೇಕು. ಒಂದು ಬುಡದಿಂದ ಶುರುಮಾಡಿದರೆ ಇನ್ನೊಂದು ಬುಡದಲ್ಲಿ ಅರ್ಧ ಕಲ್ಲಿನ ಜಾಗ ಉಳಿದು ಕಮಾನು ವಾಲಿದಂತೆ ಕಾಣುತ್ತದೆ. ಹಾಟ್‌ಫಿಕ್ಸ್ ಕಲ್ಲು ಕೊಳ್ಳಬಾರದೆಂದೂ ಬರೆಯಿರಿ. ಅದರ ಅಂಟು ಕರಗಲು ಬೇಕಾದ ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತದೆ.

ನಿಮ್ಮ ಕ್ರಮದಲ್ಲಿ ವಾರ್ನಿಶ್ ಕೊನೆಗೆ ಬರುತ್ತದೆ. ಅದು ಕಲ್ಲಿನ ಮೇಲೂ ಕೂತು ಹೊಳಪು ಕೊಲ್ಲುತ್ತದೆ. ಬಣ್ಣ, ರೇಕು, ಗ್ಲಿಟರ್, ವಾರ್ನಿಶ್, ಪೂರ್ತಿ ಒಣಗಿದ ಮೇಲೆ ಕಲ್ಲು: ಕ್ರಮ ಹೀಗಿರಲಿ. ಗ್ಲಿಟರನ್ನು ಒಣಗಿದಾಗ ತಿಳಿಯಾಗುವ ಹೊಳಪಿನ (ಗ್ಲಾಸಿ) ಜೆಲ್‌ನಲ್ಲಿ ಕಲಸಬೇಕು, ಹೊಳಪಿಲ್ಲದ ಮ್ಯಾಟ್ ಜೆಲ್‌ನಲ್ಲಿ ಮಸುಕಾಗುತ್ತದೆ. ಅದರ ಬ್ರಶ್, ನೀರು ಎರಡೂ ಬೇರೆಯೇ ಇರಲಿ. ಆ ನೀರನ್ನು ಸಿಂಕಿಗೆ ಸುರಿಯದೆ ಬಟ್ಟೆಯಲ್ಲಿ ಸೋಸಿ ಚೆಲ್ಲಲು ಹೇಳಿ.

ಫೋಟೊಗಳನ್ನು ಫ್ಲ್ಯಾಶ್ ಇಲ್ಲದೆ ಮತ್ತೆ ತೆಗೆದು ಕಳಿಸಿ. ಫ್ಲ್ಯಾಶ್ ಬಿದ್ದ ಕಲ್ಲು ಅಚ್ಚಿನಲ್ಲಿ ಬರೀ ಬಿಳಿ ತೂತಾಗಿ ಕಾಣುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಹಲಗೆ ನಿಲ್ಲಿಸಿದರೆ ಉಬ್ಬೂ ಕಾಣುತ್ತದೆ, ಮಿನುಗೂ ಕಾಣುತ್ತದೆ. ಮುಗಿದ ಚಿತ್ರದ ಜೊತೆಗೆ ಪೇಸ್ಟ್ ಒಣಗಿದ ಹಂತದ್ದು, ಹಳದಿ ಪದರ ಹಾಕಿದ ಹಂತದ್ದು ಮತ್ತು ಒಂದು ಕಮಾನಿಗೆ ಅರ್ಧ ಕಲ್ಲು ಕೂರಿಸಿದಾಗ ಹತ್ತಿರದಿಂದ ತೆಗೆದದ್ದು ಬೇಕು. ಸೀಳು ಬಿಟ್ಟ ಗುಮ್ಮಟದ ಆ ಮೂರನೇ ಫೋಟೊವನ್ನೂ ಇಟ್ಟುಕೊಂಡಿರಿ, ಕಾರಣ ಬರೆದು ಅದನ್ನೂ ಪ್ರಕಟಿಸೋಣ.

ವಂದನೆಗಳೊಂದಿಗೆ,
ಸಂಪಾದಕ ಬಳಗ