ಹತ್ತಾರು ಗಿಟ್ ರೆಪಾಸಿಟರಿಗಳನ್ನು ಒಂದೇ ಆಜ್ಞೆಯಿಂದ ನೋಡಿಕೊಳ್ಳುವುದು ಹೇಗೆ? ಸಬ್‌ಮಾಡ್ಯೂಲ್ ಬಳಸಬೇಕೇ?

ಮೂವತ್ತಕ್ಕೂ ಹೆಚ್ಚು ರೆಪಾಸಿಟರಿಗಳು (ಕೋಡನ್ನೂ ಅದರ ಬದಲಾವಣೆಗಳ ದಾಖಲೆಯನ್ನೂ ಗಿಟ್ ಇಟ್ಟುಕೊಳ್ಳುವ ಫೋಲ್ಡರುಗಳು) ಎರಡು ಕಂಪ್ಯೂಟರ್‌ಗಳಲ್ಲಿ ಹರಡಿಕೊಂಡಿವೆ, ಒಂದೊಂದೇ ಫೋಲ್ಡರಿಗೆ ಹೋಗಿ ಪುಲ್ ಮಾಡುವಷ್ಟರಲ್ಲಿ, ಅಂದರೆ ಸರ್ವರಿನಿಂದ ಹೊಸ ಬದಲಾವಣೆಗಳನ್ನು ತರುವಷ್ಟರಲ್ಲಿ, ಸಾಕುಸಾಕಾಗುತ್ತದೆ, ಎಲ್ಲವನ್ನೂ ಸಬ್‌ಮಾಡ್ಯೂಲ್ ಮಾಡಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ಸಬ್‌ಮಾಡ್ಯೂಲಿನಲ್ಲಿ ತಾಯಿ ರೆಪಾಸಿಟರಿಯು ಮರಿ ರೆಪಾಸಿಟರಿಯ ಒಂದು ನಿರ್ದಿಷ್ಟ ಕಮಿಟ್ಟನ್ನು (ದಾಖಲಾದ ಒಂದು ಹಂತವನ್ನು) ಗುರುತು ಹಾಕಿಟ್ಟುಕೊಳ್ಳುತ್ತದೆ. ಲೈಬ್ರರಿಯ ಇಂಥದ್ದೇ ಆವೃತ್ತಿ ಬೇಕು ಎನ್ನುವಲ್ಲಿ ಅದು ಸರಿಯಾದ ದಾರಿ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳನ್ನು ಹಾಗೆ ಕಟ್ಟಿಹಾಕಿದರೆ, ಮರಿಯಲ್ಲಿ ಒಂದು ಸಾಲು ತಿದ್ದಿದಾಗಲೂ ತಾಯಿಯಲ್ಲಿ ಇನ್ನೊಂದು ಕಮಿಟ್ ಮಾಡುವ ಕೆಲಸ ಹೆಗಲೇರುತ್ತದೆ. ಆಂಡ್ರಾಯ್ಡ್‌ಗಾಗಿ ಗೂಗಲ್ ಸಿದ್ಧಪಡಿಸಿದ ‘ರೆಪೊ’ ಎಂಬ ಟೂಲ್ ಇದೆ. ನೂರಾರು ರೆಪಾಸಿಟರಿಗಳು ಸೇರಿ ಒಂದೇ ಉತ್ಪನ್ನವಾಗುವ ಕಡೆಗೆ ಮಾಡಿದ್ದು ಅದು; ನಿಮಗೆ ಅಷ್ಟು ದೊಡ್ಡದು ಬೇಕಾಗಿಲ್ಲ.

ನಾನು ಬಳಸುವುದು ಜೋಯಿ ಹೆಸ್ ಅವರು ಪರ್ಲ್ ಭಾಷೆಯಲ್ಲಿ ಬರೆದ ‘ಮೈರೆಪೋಸ್’. ಟರ್ಮಿನಲ್ಲಿನಲ್ಲಿ ಟೈಪ್ ಮಾಡಬೇಕಾದದ್ದು ‘ಎಂಆರ್’ (mr) ಎಂಬ ಎರಡೇ ಅಕ್ಷರ. ಇದು ನಿಮ್ಮ ರೆಪಾಸಿಟರಿಗಳ ಒಳಗೆ ಏನನ್ನೂ ಬದಲಿಸುವುದಿಲ್ಲ. ಯಾವ ಫೋಲ್ಡರಿನಲ್ಲಿ ಯಾವ ರೆಪಾಸಿಟರಿ ಇದೆ, ಅದನ್ನು ಎಲ್ಲಿಂದ ತರಬೇಕು ಎಂಬುದನ್ನು ಹೋಮ್ ಡೈರೆಕ್ಟರಿಯ ಒಂದು ಪಠ್ಯ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ಇರುವ ರೆಪಾಸಿಟರಿಯ ಒಳಗೆ ನಿಂತು ‘ಎಂಆರ್ ರಿಜಿಸ್ಟರ್’ ಎಂದರೆ ಆ ಫೈಲಿಗೆ ಹೆಸರು ಸೇರುತ್ತದೆ. ಅದೇ ಫೈಲನ್ನು ಎರಡನೆಯ ಕಂಪ್ಯೂಟರಿಗೂ ಕೊಂಡುಹೋಗಿ ‘ಎಂಆರ್ ಅಪ್‌ಡೇಟ್’ ಎಂದರೆ, ಅಲ್ಲಿ ಇಲ್ಲದ್ದನ್ನು ಕ್ಲೋನ್ ಮಾಡಿ (ಪೂರ್ತಿ ನಕಲು ತಂದು), ಇದ್ದದ್ದನ್ನು ಪುಲ್ ಮಾಡಿ, ಕೊನೆಗೆ ಎಷ್ಟು ಸರಿಯಾಯಿತು, ಎಷ್ಟು ವಿಫಲವಾಯಿತು ಎಂದು ಒಂದು ಸಾಲಿನಲ್ಲಿ ಲೆಕ್ಕ ಒಪ್ಪಿಸುತ್ತದೆ. ಗಿಟ್‌ನಂಥದ್ದೇ ಕೆಲಸ ಮಾಡುವ ಸಬ್‌ವರ್ಷನ್, ಮರ್ಕ್ಯುರಿಯಲ್ ರೆಪಾಸಿಟರಿಗಳಿದ್ದರೂ ಇದೇ ಆಜ್ಞೆಗಳು ಸಾಕು.

ಎಲ್ಲರೂ ಹೊಗಳುವುದು ಈ ಅಪ್‌ಡೇಟನ್ನೇ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳದ್ದು ‘ಎಂಆರ್ ಸ್ಟೇಟಸ್’. ನನ್ನ ಕಚೇರಿ ಮಂಗಳೂರಿನ ಬಿಜೈಯಲ್ಲಿ, ಮನೆ ಉಡುಪಿಯ ಅಂಬಲಪಾಡಿಯಲ್ಲಿ. ಎರಡೂ ಕಡೆ ಒಂದೊಂದು ಕಂಪ್ಯೂಟರ್. ಒಂದು ಶುಕ್ರವಾರ ಸಂಜೆ ತಿದ್ದುಪಡಿಯೊಂದನ್ನು ಕಮಿಟ್ ಮಾಡಿ, ಪುಶ್ ಮಾಡಲು (ಸರ್ವರಿಗೆ ಕಳಿಸಲು) ಮರೆತು ಬಸ್ ಹತ್ತಿದ್ದೆ. ಶನಿವಾರ ಬೆಳಿಗ್ಗೆ ಗ್ರಾಹಕರ ಕರೆ ಬಂದಾಗ, ಆ ಒಂದು ಪುಶ್‌ಗಾಗಿ ಪಡುಬಿದ್ರಿ, ಮೂಲ್ಕಿ ದಾಟಿ ಪುನಃ ಮಂಗಳೂರಿಗೆ ಹೋಗಬೇಕಾಯಿತು. ಅಂದಿನಿಂದ ಕಚೇರಿ ಬಿಡುವ ಮೊದಲು ಸ್ಟೇಟಸ್ ನೋಡದೆ ಚೀಲಕ್ಕೆ ಕೈ ಹಾಕುವುದಿಲ್ಲ. ಕಮಿಟ್ ಆಗದ ಬದಲಾವಣೆಗಳ ಜೊತೆಗೆ, ಕಮಿಟ್ ಆಗಿಯೂ ಪುಶ್ ಆಗದೆ ಉಳಿದವುಗಳನ್ನೂ ಅದು ತೋರಿಸುತ್ತದೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಅನುಕೂಲವೂ ಇದೆ. ಆಟಿಯ ಮಳೆಗೆ ಮನೆಯ ನೆಟ್ ಹೋದಾಗ ‘ಎಂಆರ್ ಆಫ್‌ಲೈನ್’ ಎಂದು ಹೇಳಿಟ್ಟರೆ, ಆಮೇಲೆ ವಿಫಲವಾದ ಆಜ್ಞೆಗಳನ್ನು ಅದು ನೆನಪಿಟ್ಟುಕೊಂಡು, ‘ಎಂಆರ್ ಆನ್‌ಲೈನ್’ ಎಂದಾಗ ಮತ್ತೆ ನಡೆಸುತ್ತದೆ.

ವೇಗದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆಜ್ಞೆಯಲ್ಲಿ ಮೈನಸ್ ಜೆ (-j) ಕೊಟ್ಟು ಪಕ್ಕದಲ್ಲಿ ಒಂದು ಸಂಖ್ಯೆ ಬರೆದರೆ ಅಷ್ಟು ರೆಪಾಸಿಟರಿಗಳ ಕೆಲಸ ಏಕಕಾಲದಲ್ಲಿ ನಡೆಯುತ್ತದೆ. ನಾನು ಆಸೆಗೆ ಬಿದ್ದು 20 ಎಂದು ಕೊಟ್ಟಿದ್ದೆ. ಪ್ರತಿ ಸಲವೂ ಎರಡು ಮೂರು ರೆಪಾಸಿಟರಿಗಳು ವಿಫಲ, ಅದೂ ಪ್ರತಿ ಸಲ ಬೇರೆಬೇರೆಯವು. ಒಂಟಿಯಾಗಿ ಓಡಿಸಿದರೆ ಎಲ್ಲವೂ ಸರಿ. ಕೀ ತಪ್ಪಿರಬೇಕು, ನೆಟ್ ನಿಧಾನವಿರಬೇಕು ಎಂದು ಅರ್ಧ ದಿನ ಹುಡುಕಿದ ಮೇಲೆ ಗೊತ್ತಾದದ್ದೆಂದರೆ, ಕಾರಣ ನಮ್ಮದೇ ಸರ್ವರಿನಲ್ಲಿ ದೂರದಿಂದ ಬರುವ ಲಾಗಿನ್‌ಗಳನ್ನು ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಚ್‌ನ ‘ಮ್ಯಾಕ್ಸ್‌ಸ್ಟಾರ್ಟಪ್ಸ್’ ಮಿತಿ. ಇನ್ನೂ ಲಾಗಿನ್ ಪೂರ್ತಿಯಾಗದ ಸಂಪರ್ಕಗಳು 10 ಆದವೆಂದರೆ, ನಾವಾಗಿ ಬದಲಿಸದಿದ್ದಲ್ಲಿ, ಹೊಸದಾಗಿ ಬರುವವುಗಳಲ್ಲಿ ಶೇಕಡಾ 30ರಷ್ಟನ್ನು ಅದು ಯಾದೃಚ್ಛಿಕವಾಗಿ ಬಿಟ್ಟುಬಿಡಲು ತೊಡಗುತ್ತದೆ. ಈಗ 5ರಲ್ಲೇ ತೃಪ್ತನಾಗಿದ್ದೇನೆ. ಪಾಸ್‌ವರ್ಡ್ ಕೇಳುವ ರೆಪಾಸಿಟರಿಗಳಿದ್ದರೆ ಮೊದಲು ಎಸ್‌ಎಸ್‌ಎಚ್ ಕೀಗೆ (ಪಾಸ್‌ವರ್ಡಿನ ಬದಲು ಗುರುತು ತೋರಿಸುವ ಫೈಲಿಗೆ) ಬದಲಾಯಿಸಿಕೊಳ್ಳಿ. ಐದು ಕಡೆಯಿಂದ ಒಟ್ಟಿಗೆ ಪಾಸ್‌ವರ್ಡ್ ಕೇಳಿದರೆ ಯಾವುದಕ್ಕೆ ಯಾವುದು ಎಂದು ತಿಳಿಯುವುದಿಲ್ಲ.

ಕೊನೆಯದಾಗಿ, ಆ ಪಠ್ಯ ಫೈಲಿನ ಸಾಲುಗಳು ಶೆಲ್ ಆಜ್ಞೆಗಳಾಗಿಯೇ, ಅಂದರೆ ನೀವೇ ಟರ್ಮಿನಲ್ಲಿನಲ್ಲಿ ಟೈಪ್ ಮಾಡಿದಂತೆಯೇ, ನಡೆಯುತ್ತವೆ. ಹೋಮ್ ಡೈರೆಕ್ಟರಿಯ ಹೊರತು ಬೇರೆ ಕಡೆ ಇರುವ ಫೈಲನ್ನು ನೀವು ನಂಬಿಕೆಯ ಪಟ್ಟಿಗೆ ಸೇರಿಸುವ ತನಕ ಎಂಆರ್ ಅನುಮಾನದಿಂದಲೇ ನೋಡುವುದು ಇದೇ ಕಾರಣಕ್ಕೆ. ಆದ್ದರಿಂದ ಸಹೋದ್ಯೋಗಿಯ ಫೈಲನ್ನು ನಕಲು ಮಾಡಿಕೊಳ್ಳುವುದಾದರೆ ಒಮ್ಮೆ ಪೂರ್ತಿ ಓದಿಯೇ ಸೇರಿಸಿ.