ಎರಡೇ ಸಲ ಹಾಕಿದ ಟ್ರೆಕ್ಕಿಂಗ್ ಶೂವಿನ ಸೋಲ್ ಕಿತ್ತುಬಂದರೆ ಅದು ಡುಪ್ಲಿಕೇಟ್ ಮಾಲೇ?

ಶೂ ಕೊಂಡು ಆರು ವರ್ಷವಾಯಿತು, ಹಾಕಿದ್ದು ಎರಡೇ ಸಲ, ಉಳಿದ ಕಾಲವೆಲ್ಲ ಮುಂಬಯಿ ಬಳಿಯ ಡೊಂಬಿವಲಿಯ ಮನೆಯ ಲಾಫ್ಟ್‌ನಲ್ಲಿ ಡಬ್ಬಿಯೊಳಗೇ ಇತ್ತು, ಹರಿಶ್ಚಂದ್ರಗಢ ಎಂಬ ಬೆಟ್ಟದ ಕೋಟೆಯಿಂದ ಇಳಿಯುವಾಗ ಎರಡೂ ಸೋಲ್ ಕಳಚಿಬಂದವು ಎಂದು ಬರೆದಿದ್ದೀರಿ. ಡುಪ್ಲಿಕೇಟ್ ಇರಲಿಕ್ಕಿಲ್ಲ. ಡಬ್ಬಿಯಲ್ಲಿ ಇಟ್ಟೇ ಅದು ಹಾಳಾಗಿದೆ. ಎರಡೂ ಒಂದೇ ದಿನ ಬಿಟ್ಟಿರುವುದೇ ಅದರ ಗುರುತು.

ಕೆಳಗಿನ ಕಪ್ಪು ರಬ್ಬರಿಗೂ ಮೇಲಿನ ಚರ್ಮ ಅಥವಾ ಬಟ್ಟೆಗೂ ನಡುವೆ ಮೆತ್ತನೆಯ ಪದರವೊಂದು ಇರುತ್ತದೆ, ಮಿಡ್‌ಸೋಲ್. ಗಟ್ಟಿ ಟ್ರೆಕ್ಕಿಂಗ್ ಶೂಗಳಲ್ಲಿ ಇದು ಹೆಚ್ಚಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಫೋಮ್. ಗಾಳಿಯಲ್ಲಿನ ತೇವ ಒಳಗೆ ಸೇರಿದಂತೆ ಇದು ಕಣಕಣವಾಗಿ ಒಡೆಯುತ್ತದೆ. ಸೆಕೆ ಮತ್ತು ತೇವ ಎರಡೂ ಇದ್ದಲ್ಲಿ ಇನ್ನೂ ಬೇಗ, ಮುಂಬಯಿಯ ಲಾಫ್ಟ್ ಅಂದರೆ ಅದೇ. ಹಾಕಿದರೂ ಹಾಕದಿದ್ದರೂ ಈ ಪದರದ ಆಯುಸ್ಸು ಸುಮಾರು 5ರಿಂದ 10 ವರ್ಷ, ಅದೂ ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಹಳೆ ಸ್ಟಾಕನ್ನು ಡಿಸ್ಕೌಂಟಿನಲ್ಲಿ ಕೊಳ್ಳುವಾಗ ಶೂವಿನ ನಾಲಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು-ವರ್ಷ ಇದೆಯೇ ನೋಡಿ. ಹಗುರ ಶೂಗಳಲ್ಲಿ ಇರುವ ಇವಿಎ ಎಂಬ ಇನ್ನೊಂದು ಬಗೆಯ ಫೋಮ್ ಹೀಗೆ ಪುಡಿಯಾಗುವುದಿಲ್ಲ, ಆದರೆ ನಡೆದಂತೆ ಚಪ್ಪಟೆಯಾಗುತ್ತದೆ. 500ರಿಂದ 800 ಕಿ.ಮೀ. ಆದ ಮೇಲೆ ಕಲ್ಲುಗಳು ಅಂಗಾಲಿಗೆ ಚುಚ್ಚತೊಡಗುತ್ತವೆ.

ಪರೀಕ್ಷೆ ಸುಲಭ. ಮಿಡ್‌ಸೋಲಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಮುಂಭಾಗವನ್ನು ಕೈಯಿಂದ ಮಡಚಿ ನೋಡಿ. ಕೂದಲೆಳೆಯಂಥ ಬಿರುಕು, ಬೆರಳಿಗೆ ಹತ್ತುವ ಪುಡಿ, ಅಂಟಂಟು, ಈ ಮೂರರಲ್ಲಿ ಒಂದು ಕಂಡರೂ ಅದನ್ನು ಹಾಕಿ ಬೆಟ್ಟ ಹತ್ತಬೇಡಿ. ಜೂನಿನ ಮೊದಲ ಮಳೆಗೆ ಮುಂಚೆ ಇದನ್ನೊಮ್ಮೆ ಮಾಡಲೇಬೇಕು.

ಪುಡಿಯಾದ ಪದರಕ್ಕೆ ಅಂಟು ಹಾಕಿದರೆ ಅಂಟು ಹಿಡಿಯುವುದು ಪುಡಿಯನ್ನೇ. ಸ್ಟೇಷನ್ ಹೊರಗೆ ಸುತ್ತಲೂ ನೈಲಾನ್ ದಾರದ ಹೊಲಿಗೆ ಹಾಕಿಸುವವರಿದ್ದಾರೆ. ಅದೂ ಕೊಳೆತ ಪದರದಲ್ಲಿ ನಿಲ್ಲದು, ವಾಟರ್‌ಪ್ರೂಫ್ ಶೂ ಆದರೆ ಒಳಪೊರೆಗೂ ತೂತು. ಮಿಡ್‌ಸೋಲ್ ಗಟ್ಟಿಯಿದ್ದು ತುದಿ ಮಾತ್ರ ಬಾಯಿಬಿಟ್ಟಿದ್ದರೆ ಅಂಟಿಸಬಹುದು. ಹಳೆ ಅಂಟು ಕೆರೆದು, ಎರಡೂ ಮುಖಗಳನ್ನು ಮರಳುಕಾಗದದಿಂದ ಉಜ್ಜಿ, ರಬ್ಬರ್ ಅಂಟನ್ನು ಎರಡಕ್ಕೂ ತೆಳ್ಳಗೆ ಸವರಿ. 10-15 ನಿಮಿಷ ಬಿಟ್ಟು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಜೋರಾಗಿ ಒತ್ತಿ, ಹಗ್ಗದಿಂದ ಬಿಗಿದು ಒಂದು ದಿನ ಬಿಡಿ. ಫೆವಿಕ್ವಿಕ್ ಬೇಡ: ಒಣಗಿ ಗಾಜಿನಂತಾಗುತ್ತದೆ, ಮಡಚುವ ಜಾಗದಲ್ಲಿ ನಾಲ್ಕು ಹೆಜ್ಜೆಗೇ ಸೀಳುತ್ತದೆ.

ಇನ್ನು ಹೊಸ ಶೂ ಕೊಂಡ ಮೇಲೆ. ಡಬ್ಬಿಯಲ್ಲಿಟ್ಟರೂ ಆಯುಸ್ಸು ಕಳೆಯುವುದರಿಂದ ತಿಂಗಳಿಗೊಮ್ಮೆಯಾದರೂ ಅದನ್ನು ಹಾಕಿಕೊಂಡು ನಡೆಯಿರಿ, ಪೇಟೆಗೆ ಹೋಗುವಾಗಲಾದರೂ ಸರಿ. ಟ್ರೆಕ್‌ನಿಂದ ಬಂದ ರಾತ್ರಿಯೇ ಇನ್‌ಸೋಲ್, ಲೇಸು ತೆಗೆದು, ಕೆಸರನ್ನು ಬರೀ ನೀರು ಮತ್ತು ಮೆತ್ತನೆಯ ಬ್ರಶ್ಶಿನಿಂದ ತೊಳೆಯಿರಿ. ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಒದ್ದೆಯಾದ ಪೇಪರನ್ನು ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ. ಬಿಸಿಲು, ಗ್ಯಾಸ್ ಒಲೆಯ ಪಕ್ಕ, ಫ್ರಿಜ್ಜಿನ ಹಿಂಭಾಗ ಯಾವುದೂ ಬೇಡ. ಚರ್ಮ ಸೆಟೆಯುತ್ತದೆ, ಅಂಟು ಸಡಿಲವಾಗುತ್ತದೆ. ಚರ್ಮದ್ದಾದರೆ ಒಣಗಿದ ಮೇಲೆ ಕಂಡೀಷನರ್ ತೆಳ್ಳಗೆ ಹಚ್ಚಿ. ಪೂರ್ತಿ ಒಣಗದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟುವುದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ತೆರೆದ ಶೂ ಸ್ಟ್ಯಾಂಡೇ ಸಾಕು.

ಟ್ರೆಕ್‌ಗೆ ಹೋಗುವಾಗ ಬೆನ್ನ ಚೀಲದಲ್ಲಿ ನಾಲ್ಕು ಉದ್ದನೆಯ ಕೇಬಲ್ ಟೈ (ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ) ಇರಲಿ. ಮಧ್ಯದಾರಿಯಲ್ಲಿ ಸೋಲ್ ಬಿಟ್ಟರೆ ಬೆರಳುಗಳ ಹಿಂದೆ ಒಂದು, ಪಾದದ ನಡುವೆ ಒಂದು ಸುತ್ತಿ ಬಿಗಿಯಿರಿ, ಗಂಟು ಬದಿಗೆ ಬರಲಿ. ಒದ್ದೆ ಬಂಡೆಯ ಮೇಲೆ ಪ್ಲಾಸ್ಟಿಕ್ ಜಾರುತ್ತದೆ, ಆದ್ದರಿಂದ ಇಳಿಯುವಾಗ ಕೈ ಆಸರೆ ಬಿಡಬೇಡಿ.