ಮರಳಿ ಹೋದ ದಿನಕ್ಕೊಂದು ಕೆಂಪು ಗುರುತು

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬರುವವರ ಜೊತೆ ಮಾತಾಡುವುದು ನನ್ನ ಕೆಲಸ. ಅವರು ನನ್ನ ಹತ್ತಿರ ಬಂದದ್ದು ವ್ಯಾಯಾಮದ ವಿಷಯಕ್ಕಲ್ಲ. ರಾತ್ರಿ ನಿದ್ದೆ ಬರುವುದಿಲ್ಲ, ಮಗಳ ಮೇಲೆ ಸುಮ್ನೆ ರೇಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ ಅಂತ ಬಂದಿದ್ದರು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಬರೆಯುವುದಕ್ಕೆ ಅವರ ಒಪ್ಪಿಗೆಯೂ ಇದೆ. ಮಾತಾಡುವಾಗ ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಅಕ್ಕನಿಗೆ 44 ವರ್ಷ. ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕ್ಯಾಷಿಯರ್. ಮನೆಯಲ್ಲಿ ಗಂಡ, ಪಿಯುಸಿ ಓದುವ ಮಗಳು, ಮೊಣಕಾಲು ನೋವಿನ ಅತ್ತೆ. ಎರಡನೇ ಭೇಟಿಯಲ್ಲಿ ಡಾಕ್ಟರ ಚೀಟಿ ತೋರಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಉಂಟಲ್ಲ, ಅದರಲ್ಲಿ 6.1 ಬಂದಿತ್ತು. 5.7ರಿಂದ 6.4ರ ಒಳಗಿದ್ದರೆ ಶುಗರ್ ಕಾಯಿಲೆ ಅಲ್ಲ, ಅದರ ಹೊಸ್ತಿಲು ಅನ್ನುತ್ತಾರೆ. ಚೀಟಿಯ ಕೆಳಗೆ 'ದಿನಾ ವಾಕಿಂಗ್' ಅಂತ ಬರೆದಿತ್ತು. ಅದನ್ನು ಓದಿ ಹೇಳುವಾಗ ಅವರ ಕಣ್ಣು ತುಂಬಿತು.

"ನನ್ನಿಂದ ಆಗುದಿಲ್ಲ ಮೇಡಂ. ಮೂರು ಸಲ ಜಿಮ್ಮಿಗೆ ದುಡ್ಡು ಕಟ್ಟಿದ್ದೆ. ಒಂದು ಸಲವೂ ತಿಂಗಳು ದಾಟ್ಲಿಲ್ಲ. ನಾನು ಉದಾಸೀನದವಳು, ಅಷ್ಟೇ."

ಬೆಳಿಗ್ಗೆ 5ಕ್ಕೆ ಎದ್ದು ರಾತ್ರಿ 11ಕ್ಕೆ ಮಲಗುವ ಹೆಂಗಸು ತನ್ನನ್ನು ಉದಾಸೀನದವಳು ಅಂತ ಕರೆದುಕೊಳ್ಳುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಮೂರು ಸಲವೂ ಹೇಗೆ ನಿಂತಿತು ಅಂತ ಒಂದೊಂದಾಗಿ ಕೇಳಿದೆ. ಮೊದಲ ಸಲ ಅತ್ತೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಎರಡನೇ ಸಲ ಜೂನ್ ಮಳೆ. ಮೂರನೇ ಸಲ ತವರಿನ ಕಡೆ ದೇವಸ್ಥಾನದ ಜಾತ್ರೆ, ಮೂರು ದಿನ. ಇದರಲ್ಲಿ ಉದಾಸೀನ ಎಲ್ಲಿ ಬಂತು? ನಾಲ್ಕು ದಿನ ತಪ್ಪಿದ್ದಕ್ಕೆ ಕಾರಣ ಇತ್ತು. ಐದನೇ ದಿನ ಜಿಮ್ಮಿನ ಬಾಗಿಲಲ್ಲಿ "ಎಂತ ಮೇಡಂ, ಕಾಣ್ಲಿಕ್ಕೇ ಇಲ್ಲ?" ಅಂತ ಯಾರಾದರೂ ಕೇಳುತ್ತಾರೆ ಅನ್ನುವ ನಾಚಿಕೆಗೆ ಅವರು ಹೋಗಲೇ ಇಲ್ಲ. ಮೂರು ಸಲವೂ ಇದೇ ಕಥೆ. ಶುರು ಮಾಡುವುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ಬಿಟ್ಟದ್ದಕ್ಕೆ ಮರಳಿ ಹೋಗುವುದು ಮಾತ್ರ ಗೊತ್ತಿರಲಿಲ್ಲ.

ಇಷ್ಟು ತಿಳಿದ ಮೇಲೂ ನಾನೊಂದು ತಪ್ಪು ಮಾಡಿದೆ. ನಡೆದ ದಿನ ಗೋಡೆ ಕ್ಯಾಲೆಂಡರಿನಲ್ಲಿ ಟಿಕ್ ಹಾಕಿ ಅಂದೆ. ಎರಡು ವಾರ ಬಿಟ್ಟು ಮೊಬೈಲಿನಲ್ಲಿ ಅದರ ಫೋಟೋ ತಂದರು. 9 ಟಿಕ್ ಇತ್ತು, 5 ಖಾಲಿ. ನಾನು ಒಂಬತ್ತನ್ನು ನೋಡಿ ಖುಷಿಪಟ್ಟೆ, ಅವರು ಬೆರಳಿಟ್ಟು ತೋರಿಸಿದ್ದು ಐದು ಖಾಲಿ ಮನೆಗಳನ್ನು. ತನ್ನ ತಪ್ಪು ಎಣಿಸುವುದೇ ಅಭ್ಯಾಸವಾದವರಿಗೆ ಎಣಿಸುವುದಕ್ಕೆ ಇನ್ನೊಂದು ಜಾಗ ಮಾಡಿಕೊಟ್ಟಿದ್ದೆ. ಅದನ್ನು ಅಲ್ಲಿಗೇ ಬಿಡಿಸಿದೆ.

21 ದಿನ ಮಾಡಿದರೆ ಯಾವುದೂ ಅಭ್ಯಾಸ ಆಗುತ್ತದೆ ಅಂತ ಅವರು ವಾಟ್ಸಾಪಿನಲ್ಲಿ ಓದಿದ್ದರು. ಹಾಗಾಗಿ 20ನೇ ದಿನ ತಪ್ಪಿದರೆ ಎಲ್ಲ ನೀರಿನಲ್ಲಿ ಹೋಮ ಅಂತ ಅವರ ಲೆಕ್ಕ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಹೇಳಿದೆ. 96 ಜನರಿಗೆ ದಿನಾ ಮಾಡುವಂಥ ಒಂದು ಸಣ್ಣ ಕೆಲಸ ಆರಿಸಿಕೊಳ್ಳಲು ಹೇಳಿ 84 ದಿನ ಗಮನಿಸಿದ್ದರು. ಯೋಚಿಸದೆ ತನ್ನಷ್ಟಕ್ಕೆ ಆಗುವ ಹಂತಕ್ಕೆ ಬರಲು ಸಾಮಾನ್ಯವಾಗಿ ಸುಮಾರು 66 ದಿನ ಬೇಕು ಅಂತ ಕಂಡುಬಂತು. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಆ 84 ದಿನದ ದಾಖಲೆಯಿಂದ ಅಂದಾಜು ಮಾಡಿದ್ದರು. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸಕ್ಕೆ ಅಂಥ ಪೆಟ್ಟೇನೂ ಬೀಳಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಮೊದಲಿನ ಮೂರು ಸಲವೂ ನಾನು ಶುರುವಿನಲ್ಲೇ ಇದ್ದೆ, ಅಲ್ವಾ?"

ಹೌದು ಅಕ್ಕ, ಅಂದೆ.

ಆಮೇಲೆ ಕೊಟ್ಟ ಸಲಹೆ ಇದು. ಮೊದಲು ಡಾಕ್ಟರ ಹತ್ತಿರ ಬಿಪಿ, ಮೊಣಕಾಲು ನೋಡಿಸಿಕೊಂಡು ಎಷ್ಟು ನಡೆಯಬಹುದು ಅಂತ ಕೇಳಿ ಬನ್ನಿ. ಬೆಳಗಿನ ಹೊತ್ತನ್ನು ಬಿಟ್ಟುಬಿಡಿ, ಅದು ತಿಂಡಿಗೆ, ಬುತ್ತಿಗೆ, ಅತ್ತೆಯ ಮಾತ್ರೆಗೆ ಸೇರಿದ್ದು, ಅಲ್ಲಿ ನಿಮ್ಮದು ಅಂತ 10 ನಿಮಿಷವೂ ಇಲ್ಲ. ಬೂಟು ಮನೆಯಲ್ಲಿ ಬೇಡ, ಆಫೀಸಿನ ಡ್ರಾಯರಿನಲ್ಲಿ ಇರಲಿ. ಕ್ಯಾಷ್ ಮುಚ್ಚಿದ ಕೂಡಲೇ ಬೂಟು ಹಾಕಿ ಅಜ್ಜರಕಾಡು ಮೈದಾನಕ್ಕೆ ಹೋಗಿ 10 ನಿಮಿಷ ನಡೆದು ಬಸ್ ಹತ್ತಿ, ಯಾಕೆಂದರೆ ಒಮ್ಮೆ ಮನೆ ಹೊಕ್ಕರೆ ಕೈಗೆ ಕೆಲಸ ಬಂದೇ ಬರುತ್ತದೆ, ಮತ್ತೆ ಹೊರಡುವುದು ಉಂಟಾ? ವಾರಕ್ಕೆ 150 ನಿಮಿಷ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹೇಳಲಿ. ಸದ್ಯಕ್ಕೆ ಆ ಲೆಕ್ಕ ನಿಮಗೆ ಬೇಡ.

ಮಳೆಗಾಲದ್ದು ಬೇರೆಯೇ ಯೋಚಿಸಬೇಕಿತ್ತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ವಾಕಿಂಗ್ ನಂಬಿ ಕೂತರೆ ಅಷ್ಟೇ ಗತಿ. ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬೇಯುವುದಕ್ಕೆ ಹೇಗೂ ಹೊತ್ತು ಬೇಕು. ಅಕ್ಕಿ ಒಲೆಗೆ ಹಾಕಿದ ತಕ್ಷಣ ಅಡುಗೆಮನೆಯಲ್ಲೇ ಒಂದು ಕುರ್ಚಿ ಇಟ್ಟು ಹತ್ತು ಸಲ ಕೂತು ಏಳುವುದು, ಗೋಡೆಗೆ ಕೈಯೂರಿ ಹತ್ತು ಸಲ ತಳ್ಳುವುದು, ಆಮೇಲೆ ಚಾವಡಿಯಲ್ಲಿ ಅತ್ತಿತ್ತ ನಡೆಯುವುದು. ಅಕ್ಕಿ ಹಾಕುವುದನ್ನು ಅಕ್ಕ ಯಾವತ್ತೂ ಮರೆಯುವುದಿಲ್ಲ, ಹಾಗಾಗಿ ಇದೂ ನೆನಪಾಗುತ್ತದೆ.

ಕ್ಯಾಲೆಂಡರಿಗೆ ಹೊಸ ನಿಯಮ ಮಾಡಿದೆವು. ನಡೆದ ದಿನಕ್ಕೆ ಗುರುತು ಬೇಡ, ತಪ್ಪಿದ ದಿನಕ್ಕೂ ಬೇಡ. ಬಿಟ್ಟು ಮರಳಿ ಹೋದ ದಿನಕ್ಕೆ ಮಾತ್ರ ಕೆಂಪು ಪೆನ್ನಿನಲ್ಲಿ ಒಂದು ಸುತ್ತು.

ಆದರೂ ಒಂದು ಮುಳ್ಳು ಉಳಿದಿತ್ತು. "ಮನೆಗೆ ಹೋಗದೆ ಮೈದಾನದಲ್ಲಿ ಸುತ್ತುವಾಗ ಎಂತದೋ ಕದ್ದ ಹಾಗೆ ಆಗ್ತದೆ ಮೇಡಂ" ಅಂದರು. ಇದು ಅವರೊಬ್ಬರ ಮಾತಲ್ಲ. ನನ್ನೆದುರು ಕೂತ ಎಷ್ಟೋ ಹೆಂಗಸರು ಇದನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದಾರೆ. ಗಂಡಸು ಸಂಜೆ ಅರ್ಧ ಗಂಟೆ ತಡವಾಗಿ ಬಂದರೆ ಯಾರೂ ಕೇಳುವುದಿಲ್ಲ, ಹೆಂಗಸು ಬಂದರೆ ಮನೆಯವರು ಕೇಳುವ ಮೊದಲು ಅವಳೇ ಕಾರಣ ಕೊಡುತ್ತಾಳೆ. ಇದನ್ನು ಅಕ್ಕನೊಬ್ಬರಿಂದ ಸರಿ ಮಾಡಿಸುವುದು ನ್ಯಾಯ ಅನ್ನಿಸಲಿಲ್ಲ. ಅವರ ಒಪ್ಪಿಗೆ ಕೇಳಿ ಗಂಡನನ್ನೂ ಒಂದು ದಿನ ಕರೆಸಿದೆ. ಎರಡೇ ಕೆಲಸ ಕೇಳಿದೆ. ಸಂಜೆಯ ಚಹಾ ನೀವೇ ಮಾಡಿ ಅಮ್ಮನಿಗೆ ಕೊಡಿ. ಮತ್ತೆ, "ಇವತ್ತು ಹೋದೆಯಾ?" ಅಂತ ಕೇಳಬೇಡಿ. ಅವರಿಗೆ ಆಶ್ಚರ್ಯ. "ಕೇಳಿದ್ರೆ ಒಳ್ಳೇದಲ್ವಾ ಮೇಡಂ?" ಹೋದ ದಿನ ಒಳ್ಳೆಯದೇ, ಹೋಗದ ದಿನ ಅದೇ ಮಾತು ಚುಚ್ಚುತ್ತದೆ ಅಂದೆ. ಸ್ವಲ್ಪ ಯೋಚಿಸಿ ಒಪ್ಪಿದರು. ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಾನೆ ಅಂತ ಅತ್ತೆಯ ದೂರು ಬಂತಂತೆ, ಆದರೂ ನಿಲ್ಲಿಸಲಿಲ್ಲ.

ಅಷ್ಟಮಿ ಕಳೆದ ಮೇಲೆ ಅಕ್ಕ ಮತ್ತೆ ಬಂದರು. ಹಬ್ಬಕ್ಕೆ ನೆಂಟರು, ಆಮೇಲೆ ಜ್ವರ, ಹನ್ನೊಂದು ದಿನ ಏನೂ ಆಗಿರಲಿಲ್ಲ. "ನಿನ್ನೆ ಹೋದೆ" ಅಂದರು, ಬಸ್ಸು ಸಿಕ್ಕಿತು ಅನ್ನುವಷ್ಟು ಸಹಜವಾಗಿ. ಫೋಟೋ ತೋರಿಸಿದರು. ನಾಲ್ಕು ತಿಂಗಳಲ್ಲಿ ಏಳು ಕೆಂಪು ಸುತ್ತು.

ನಿದ್ದೆ ಮೊದಲಿಗಿಂತ ವಾಸಿ, ಪೂರ್ತಿ ಸರಿಯಾಗಿಲ್ಲ. ಮಗಳ ಜೊತೆ ಜಗಳ ಇನ್ನೂ ಇದೆ, ಮುಂದಿನ ಭೇಟಿಗೆ ಅವಳೂ ಬರುತ್ತಾಳೆ.